ಹಿತ್ತಲಿನ ಶೆಡ್ಡಿನಲ್ಲಿ ಕರೌಸಿಯಸ್‌ನ ಬೆಳ್ಳಿ ನಾಣ್ಯ ಹೊಡೆದದ್ದು

ಅಡಿಯಲ್ಲೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಬೆಳ್ಳಿಯ ಬಿಲ್ಲೆ, ಅದರ ಮೇಲೆ ಸುತ್ತಿಗೆಯ ಏಟು. ನಾಣ್ಯ ಹೊಡೆಯುವುದೆಂದರೆ ಇಷ್ಟೇ ತಾನೇ ಎಂದುಕೊಂಡು ಕೈಹಾಕಿದ ಕೆಲಸ ಐದು ತಿಂಗಳನ್ನೂ ಮೂರು ಉಕ್ಕಿನ ತುಂಡುಗಳನ್ನೂ ಒಂದು ಉಗುರನ್ನೂ ನುಂಗಿತು. ಉಗುರು ನನ್ನದಲ್ಲ, ನಮ್ಮವರದು. ಆ ಕಥೆ ಮುಂದೆ ಬರುತ್ತದೆ.

ನಾವಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಅಲ್ಲಿಂದ ರೈಲು ಹತ್ತಿದರೆ ಟಾಂಟನ್ ದೂರವೇನಲ್ಲ. ಅಲ್ಲಿನ ಹಳೆಯ ಕೋಟೆಯಲ್ಲಿ ಸಾಮರ್‌ಸೆಟ್ ವಸ್ತುಸಂಗ್ರಹಾಲಯವಿದೆ. 2010ರ ಏಪ್ರಿಲ್‌ನಲ್ಲಿ ಫ್ರೋಮ್ ಊರಿನ ಬಳಿಯ ಹೊಲವೊಂದರಲ್ಲಿ ಸಿಕ್ಕಿದ ರೋಮನ್ ನಿಧಿ ಅಲ್ಲಿಗೆ ಸೇರಿದೆ. ಒಂದೇ ಒಂದು ಮಡಕೆ. ಅದರೊಳಗೆ 52,503 ನಾಣ್ಯ, ಸುಮಾರು 160 ಕಿಲೋ. ಬಹುಪಾಲು ಬೆಳ್ಳಿಯ ಹೆಸರು ಹೊತ್ತ ತಾಮ್ರ. ಅದರಲ್ಲಿ ಕರೌಸಿಯಸ್ ಎಂಬ ಬಂಡುಕೋರ ಚಕ್ರವರ್ತಿಯ ಹೆಸರಿನವು 760ಕ್ಕೂ ಹೆಚ್ಚು, ಅವುಗಳಲ್ಲಿ ಐದು ಮಾತ್ರ ನಿಜವಾದ ಬೆಳ್ಳಿ.

ನಾನು ಅಕ್ಕಸಾಲಿಯ ಮಗಳು. ತಿಪಟೂರಿನ ಅಪ್ಪನ ಅಂಗಡಿಯಲ್ಲಿ ಅಗ್ಗಿಷ್ಟಿಕೆಯ ಪಕ್ಕ ಕೂತು ಮನೆಪಾಠ ಬರೆದವಳು. ಹಾಗಾಗಿ ಗಾಜಿನಾಚೆ ಯಾವ ಲೋಹದ ಚೂರು ಕಂಡರೂ ಕಣ್ಣು ಮೊದಲು ಹೋಗುವುದು ಕೆಲಸದ ಮೇಲೆ. ಕರೌಸಿಯಸ್‌ನ ಬೆಳ್ಳಿಯಲ್ಲಿ ನನಗೆ ಕಂಡದ್ದು ಒಂದು ತಲೆಕೆಳಗಾದ ಲೆಕ್ಕ. ಅಕ್ಷರಗಳು ಓಲಾಡುತ್ತವೆ, ಅಂಚು ಸೀಳಿರುತ್ತದೆ, ಚಿತ್ರ ನಡುವಿನಿಂದ ಜಾರಿರುತ್ತದೆ. ಆದರೆ ಬೆಳ್ಳಿ ಅಪ್ಪಟ, ನೂರಕ್ಕೆ ತೊಂಬತ್ತರ ಆಸುಪಾಸು. ಅಂಗಡಿಯಲ್ಲಿ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ: ಲೋಹ ಕಳಪೆಯಾದಷ್ಟೂ ಮೇಲಿನ ನಯ ಹೆಚ್ಚು. ಇಷ್ಟು ಒಳ್ಳೆಯ ಬೆಳ್ಳಿಗೆ ಇಷ್ಟು ಒರಟು ಕೈ ಏಕೆ ಬಿತ್ತು? ಓದಿ ತಿಳಿಯುವುದಕ್ಕಿಂತ ಹೊಡೆದು ನೋಡೋಣ ಎನಿಸಿತು.

ಈ ಕರೌಸಿಯಸ್ ಈಗಿನ ಬೆಲ್ಜಿಯಂ ಕರಾವಳಿಯ ಮೆನಾಪಿಯನ್ ಕುಲದವನು. ಹರೆಯದಲ್ಲಿ ಕೂಲಿಗೆ ಹಡಗಿನ ಚುಕ್ಕಾಣಿ ಹಿಡಿಯುತ್ತಿದ್ದನಂತೆ. ಫ್ರಾಂಕರು, ಸ್ಯಾಕ್ಸನರು ಕಡಲ ದಡ ಸುಲಿಯುತ್ತಿದ್ದಾಗ ಅವರನ್ನು ಅಡಗಿಸಲು ಚಕ್ರವರ್ತಿ ಮ್ಯಾಕ್ಸಿಮಿಯನ್ ಇವನಿಗೆ ನೌಕಾಪಡೆ ಒಪ್ಪಿಸಿದ. ಕಳ್ಳರು ಲೂಟಿ ಮಾಡಿಕೊಂಡು ಮರಳುವವರೆಗೆ ಸುಮ್ಮನಿದ್ದು, ಆಮೇಲೆ ಹಿಡಿದು ಮಾಲನ್ನು ತಾನೇ ಇಟ್ಟುಕೊಳ್ಳುತ್ತಾನೆ ಎಂಬ ದೂರು ಹೋಯಿತು. ತಲೆ ತೆಗೆಯಲು ಆಜ್ಞೆ ಹೊರಟಿತು. ಅದು ತಲುಪುವ ಮೊದಲೇ ಅವನು ಕ್ರಿ.ಶ. 286ರಲ್ಲಿ ಹಡಗುಗಳ ಸಮೇತ ಬ್ರಿಟನ್ನಿಗೆ ದಾಟಿ ತಾನೇ ಚಕ್ರವರ್ತಿ ಎಂದು ಸಾರಿಕೊಂಡ. ಏಳು ವರ್ಷ ಆಳಿದ. 293ರಲ್ಲಿ, ಈಗಿನ ಫ್ರಾನ್ಸಿನ ದಡದಲ್ಲಿ ಅವನ ಹಿಡಿತದಲ್ಲಿದ್ದ ಬೂಲೋನ್ ಬಂದರು ಕೈತಪ್ಪಿತು. ಅದೇ ವರ್ಷ ಅವನ ಕೈಕೆಳಗಿನ ಅಲೆಕ್ಟಸ್ ಅವನನ್ನು ಕೊಂದು ಗದ್ದುಗೆ ಏರಿದ. ರೋಮಿನ ಲೆಕ್ಕದಲ್ಲಿ ಇಬ್ಬರೂ ದ್ರೋಹಿಗಳೇ.

ದ್ರೋಹಿಯಾಗಲಿ, ಸಂಬಳ ಕೊಡಬೇಕು. ಆ ಹೊತ್ತಿಗೆ ಸಾಮ್ರಾಜ್ಯದ ದಿನಬಳಕೆಯ ನಾಣ್ಯದಲ್ಲಿ ನೂರಕ್ಕೆ ಐದು ಪಾಲಿನಷ್ಟು ಮಾತ್ರ ಬೆಳ್ಳಿ ಉಳಿದಿತ್ತು. ರೋಮಿನ ಹಿರಿಯ ಚಕ್ರವರ್ತಿ ಡಯೋಕ್ಲೀಶಿಯನ್ ಶುದ್ಧ ಬೆಳ್ಳಿಯ ನಾಣ್ಯ ತಂದದ್ದು 294ರ ಸುಮಾರಿಗೆ. ಅದಕ್ಕೂ ಮೊದಲೇ ಈ ಬಂಡುಕೋರ ಡೆನಾರಿಯಸ್ ಎಂಬ ಹಳೆಯ ಬೆಳ್ಳಿ ನಾಣ್ಯವನ್ನು ಮತ್ತೆ ಹೊಡೆಸಿದ್ದ. ನಾನು ಆರಿಸಿಕೊಂಡದ್ದು ಅಂಥ ಒಂದನ್ನು. ಮುಂಬದಿಯಲ್ಲಿ ಗೂಳಿಯ ಕತ್ತು, ಮೊಂಡು ಗಡ್ಡ, ತಲೆಗೆ ಎಲೆಮಾಲೆ. ಹಿಂಬದಿಯಲ್ಲಿ ರೋಮ್ ಹುಟ್ಟಿದ ಕಥೆಯ, ಅವಳಿ ಶಿಶುಗಳಿಗೆ ಹಾಲೂಡಿಸುವ ತೋಳ, ಸುತ್ತ ‘ರೆನೊವಾಟ್ ರೊಮಾನೊ’, ರೋಮನ್ನರ ಹೊಸಹುಟ್ಟು ಎಂಬರ್ಥದ ಬರಹ. ಕೆಳಗೆ ಮೂರೇ ಅಕ್ಷರ: ಆರ್, ಎಸ್, ಆರ್.

ಅಚ್ಚಿಗೆ ಕೈ ಹಚ್ಚಿದ್ದು ಅಕ್ಟೋಬರ್‌ನಲ್ಲಿ. 25 ಮಿಲಿಮೀಟರ್ ದಪ್ಪದ, ಎಣ್ಣೆಯಲ್ಲಿ ಹದಗೊಳ್ಳುವ ಓ-1 ಜಾತಿಯ ಉಕ್ಕಿನ ಸರಳು ತರಿಸಿ ಬೆರಳುದ್ದದ ಮೂರು ತುಂಡು ಕತ್ತರಿಸಿದೆ. ಮುಖವನ್ನು ಅರದಿಂದ ಸಮ ಮಾಡಿ, ಮರಳು ಕಾಗದದಲ್ಲಿ ಕನ್ನಡಿಯಾಗುವವರೆಗೆ ಉಜ್ಜಿದೆ. ಈ ಕೆಲಸದಲ್ಲಿ ಬೇಸರಕ್ಕೆ ಬರವಿಲ್ಲ, ಹೇಳುವಂಥದ್ದೂ ಇಲ್ಲ.

ಕೆತ್ತನೆಯದು ಬೇರೆ ಮಾತು. ನಾಣ್ಯದಲ್ಲಿ ಉಬ್ಬಬೇಕಾದದ್ದು ಅಚ್ಚಿನಲ್ಲಿ ತಗ್ಗಬೇಕು, ಬಲಕ್ಕೆ ನೋಡಬೇಕಾದದ್ದು ಎಡಕ್ಕೆ ನೋಡಬೇಕು. ಬಲಕ್ಕೆ ನಿಂತ ತೋಳವನ್ನು ಎಡಕ್ಕೆ ನಿಲ್ಲಿಸುವುದು ಅಭ್ಯಾಸವಾಗುತ್ತದೆ. ಆಳವನ್ನು ಯೋಚಿಸುವುದು ಅಭ್ಯಾಸವಾಗುವುದಿಲ್ಲ. ಕೆನ್ನೆ ಮೂಗಿಗಿಂತ ಮೇಲೆ ಬರಬೇಕೆಂದರೆ ಕೆನ್ನೆಯ ಹಳ್ಳ ಮೂಗಿನದಕ್ಕಿಂತ ಆಳವಾಗಬೇಕು. ಕಿವಿಯ ಹಳ್ಳ ಕೂದಲಿನದಕ್ಕಿಂತ ಆಳ. ಚಾಣ ಹಿಡಿದು ಒಂದೊಂದು ಕೂದಲ ತೆಳುವಿನ ಉಕ್ಕು ಎಬ್ಬಿಸುತ್ತ, ಅರ್ಧ ಗಂಟೆಗೊಮ್ಮೆ ಮೆತ್ತನೆಯ ಮೇಣ ಒತ್ತಿ ತೆಗೆದು ನೋಡುತ್ತಿದ್ದೆ. ಮೊದಲ ಮೇಣದಲ್ಲಿ ಕಂಡದ್ದು ಚಕ್ರವರ್ತಿಯಲ್ಲ, ಹಲ್ಲುನೋವಿನಿಂದ ಕೆನ್ನೆ ಊದಿದ ಯಾರೋ ಬಡಪಾಯಿ.

ಅಕ್ಷರಕ್ಕೆ ಸುಲಭದ ದಾರಿ ಹಿಡಿದೆ. ಹಳೆಯ ಡ್ರಿಲ್ ಬಿಟ್ಟುಗಳನ್ನು ಮಸೆದು ಮೂರು ಮೊಳೆ ಮಾಡಿಕೊಂಡೆ: ಒಂದು ಗೆರೆ, ಒಂದು ಅರೆಚಂದ್ರ, ಒಂದು ಚುಕ್ಕಿ. ಗೆರೆ ಎರಡು ಸೇರಿದರೆ ವಿ, ಅದನ್ನೇ ತಿರುಗಿಸಿದರೆ ಅಡ್ಡಗೆರೆಯಿಲ್ಲದ ಎ. ಲ್ಯಾಟಿನ್ನಿನಲ್ಲಿ ಯು ಬರೆಯುವಲ್ಲಿ ವಿ ನಡೆಯುತ್ತದೆ, ಆದ್ದರಿಂದ ‘ಕರೌಸಿಯಸ್’ ಎಂಬ ಹೆಸರಿನ ಅರ್ಧಕ್ಕಿಂತ ಹೆಚ್ಚು ಅಕ್ಷರ ಗೆರೆಯಲ್ಲೇ ಮುಗಿಯುತ್ತವೆ. ಎಸ್ ಅಂದರೆ ಎರಡು ಅರೆಚಂದ್ರ. ಮುಂಬದಿಯ ‘ಇಂಪ್ ಕರೌಸಿಯಸ್ ಪಿ ಎಫ್ ಆಗ್’ ಎಂಬ ಹದಿನೇಳು ಅಕ್ಷರ ಒಂದೇ ಭಾನುವಾರ ಕೂತವು. ಹತ್ತಿರದಿಂದ ನೋಡಿದರೆ ಮೂಲದ ಓಲಾಟವೇ ನನ್ನದರಲ್ಲೂ ಬಂದಿತ್ತು. ಮೊಳೆಯನ್ನು ದುಂಡನೆಯ ಅಂಚಿನ ಸುತ್ತ ತಿರುಗಿಸುತ್ತ ಹೋದಾಗ ಕೈ ಒಂದು ಕಡೆ ಬಾಗಿಯೇ ಬಾಗುತ್ತದೆ. ಅಲ್ಲಿಯವರೆಗೆ ನಾನು ‘ಒರಟು’ ಎಂದು ಬೈದುಕೊಂಡದ್ದರಲ್ಲಿ ಅರ್ಧ ಬರಿಯ ಅವಸರ.

ಅವಸರಕ್ಕೆ ನನಗೂ ಶಿಕ್ಷೆಯಾಯಿತು. ಹಿಂಬದಿಯ ಅಚ್ಚು ಕೆತ್ತಿ ಮುಗಿದ ಸಂಜೆಯೇ ಹದ ಕೊಡಲು ನಿಂತೆ. ಬೆಂಕಿ ಇಟ್ಟಿಗೆಗಳ ಗೂಡಿನಲ್ಲಿಟ್ಟು ಎರಡು ಗ್ಯಾಸ್ ಟಾರ್ಚುಗಳಿಂದ ಕಾಯಿಸಿದೆ. ಉಕ್ಕು 770 ಡಿಗ್ರಿ ದಾಟುವ ಹೊತ್ತಿಗೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೂ ಸ್ವಲ್ಪ ಏರಿಸಿ, 800ರ ಆಸುಪಾಸಿನ ಕೆಂಪಿಗೆ ತಂದು ಬೆಚ್ಚಗಿನ ಎಣ್ಣೆಗೆ ಇಳಿಸಬೇಕು. ಎಣ್ಣೆಯ ಡಬ್ಬಿ ಅಡುಗೆಮನೆಯಲ್ಲೇ ಉಳಿದಿತ್ತು. ಕೈಗೆಟಕುವಂತೆ ನೀರಿನ ಬಕೆಟ್ ಇತ್ತು. ನೀರಿಗೆ ಇಳಿಸಿದೆ. ‘ಟಿಣ್’ ಎಂದಿತು. ಅಷ್ಟು ಸಣ್ಣ ಸದ್ದು ಅಷ್ಟು ದೊಡ್ಡ ನಷ್ಟವನ್ನು ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ. ತೋಳದ ಬೆನ್ನಿನಿಂದ ಕೆಳಗಿನ ಮಗುವಿನ ತಲೆಯವರೆಗೆ ಒಂದು ಬಿರುಕು.

ಅಪ್ಪನಿಗೆ ಫೋನ್ ಮಾಡಿದೆ.

“ನೀರಿಗೆ ಹಾಕಿದೆಯಾ?”

“ಹೂಂ ಅಪ್ಪ.”

“ಎಣ್ಣೆಯ ಉಕ್ಕು ಅಂತ ಗೊತ್ತಿದ್ದೂ?”

“ಹೂಂ.”

“ಸರಿ, ಮೂರನೆಯ ತುಂಡು ಇದೆಯಲ್ಲ. ಅದಕ್ಕಾದರೂ ರಾತ್ರಿ ನಿದ್ದೆ ಮಾಡಿ ಬೆಳಗ್ಗೆ ಹದ ಕೊಡು.”

ಮೂರನೆಯ ತುಂಡಿಗೆ ಇನ್ನೂ ಮೂರು ವಾರ ಹಿಡಿಯಿತು. ಈ ಸಲ ಎಣ್ಣೆ ಪಕ್ಕದಲ್ಲೇ ಇತ್ತು. ತಣಿದ ಮೇಲೆ ಅರ ಹಾಕಿ ನೋಡಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಹದ ಹತ್ತಿತ್ತು ಎಂದು ಅರ್ಥ. ಆದರೆ ಆ ಗಟ್ಟಿತನದಲ್ಲೇ ಬಿಟ್ಟರೆ ಸುತ್ತಿಗೆಯ ಏಟಿಗೆ ಚೂರಾಗುತ್ತದೆ. ಎರಡೂ ಅಚ್ಚನ್ನು ಅಡುಗೆಮನೆಯ ಓವನ್ನಿನಲ್ಲಿ 210 ಡಿಗ್ರಿಗೆ ಗಂಟೆಯಂತೆ ಎರಡು ಬಾರಿ ಇಟ್ಟೆ. ಹೊಳೆಯುವ ಮುಖ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಅಂದಿನ ಕೇಕಿನಲ್ಲಿ ಎಣ್ಣೆ ಕಮಟು ಬಂತೆಂದು ಮಕ್ಕಳು ಈಗಲೂ ಹೇಳುತ್ತಾರೆ.

ಎರಡನೆಯ ತೋಳವನ್ನು ಕೆತ್ತುವಾಗ ಎನ್ ಅಕ್ಷರವನ್ನು ತಿರುಗಿಸಲು ಮರೆತಿದ್ದೆ. ಹಾಗಾಗಿ ನನ್ನ ನಾಣ್ಯದ ‘ರೆನೊವಾಟ್’ನಲ್ಲಿ ಎನ್ ಕನ್ನಡಿಯೊಳಗಿನದು. ಹದವಾದ ಉಕ್ಕನ್ನು ಮತ್ತೆ ಕೆರೆಯುವ ಧೈರ್ಯ ಬರಲಿಲ್ಲ, ಬಿಟ್ಟೆ.

ಕೆಳಗಿನ ಮೂರಕ್ಷರ ಕೆತ್ತುತ್ತ ಕೂತಾಗ ಅವುಗಳ ಅರ್ಥ ತಲೆಯಲ್ಲಿ ಸುತ್ತುತ್ತಿತ್ತು. ಬಹುಕಾಲ ಇದನ್ನು ಹಣಕಾಸಿನ ಅಧಿಕಾರಿಯ ಹುದ್ದೆಯ ಹೆಸರಿನ ಮೊದಲಕ್ಷರಗಳು ಎಂದು ಓದುತ್ತಿದ್ದರು. 1998ರಲ್ಲಿ ಇತಿಹಾಸಕಾರ ಗೈ ಡಿ ಲಾ ಬೆಡೊಯೆರ್ ಬೇರೊಂದು ಓದು ಮುಂದಿಟ್ಟರು. ರೋಮಿನ ಕವಿ ವರ್ಜಿಲ್‌ನ ನಾಲ್ಕನೆಯ ಗೋಪಗೀತದಲ್ಲಿ ‘ರೆದೆಯುಂಟ್ ಸಾಟುರ್ನಿಯಾ ರೆಗ್ನಾ’ ಎಂದು ಬರುತ್ತದೆ. ಸ್ಯಾಟರ್ನ್ ದೇವನ ಹೊನ್ನಿನ ಯುಗ ಮರಳುತ್ತಿದೆ ಎಂದು. ಆರ್, ಎಸ್, ಆರ್. ಅದೊಂದೇ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಆದರೆ ಕರೌಸಿಯಸ್‌ನ ಕಂಚಿನ ಪದಕವೊಂದರಲ್ಲಿ ಐ, ಎನ್, ಪಿ, ಸಿ, ಡಿ, ಎ ಎಂದಿದೆ, ಅದೇ ಕವಿತೆಯ ಮುಂದಿನ ಸಾಲಿನ ಆರು ಪದಗಳ ಮೊದಲಕ್ಷರ ಅವೇ. ಚುಕ್ಕಾಣಿ ಹಿಡಿಯುತ್ತಿದ್ದವನ ಸಂಬಳದ ನಾಣ್ಯದಲ್ಲಿ ಶಾಲೆಯ ಕವಿತೆ! ಅವನ ಆಸ್ಥಾನದಲ್ಲಿ ಯಾರೋ ಓದಿಕೊಂಡವನಿದ್ದ, ಓದುವವರು ಊಹಿಸಿಕೊಳ್ಳುತ್ತಾರೆ ಎಂಬ ನಂಬಿಕೆಯೂ ಅವನಿಗಿತ್ತು.

ಈಗ ಬೆಳ್ಳಿ. 90 ಗ್ರಾಂ ಶುದ್ಧ ಬೆಳ್ಳಿಯ ಹರಳು, 10 ಗ್ರಾಂ ತಾಮ್ರದ ತಂತಿ, ಚಿಟಿಕೆ ಬಿಳಿಗಾರ. ಮೂಸೆಯಲ್ಲಿ ಕರಗಿಸಿ, ಇಂಗಾಲದ ಕಡ್ಡಿಯಿಂದ ಕಲಕಿ, ನೀರು ತುಂಬಿದ ಆಳದ ಬಕೆಟ್ಟಿಗೆ ಸಣ್ಣ ಧಾರೆಯಾಗಿ ಸುರಿದೆ. ಬೂಂದಿಕಾಳಿನಂತೆ ತಳದಲ್ಲಿ ಕೂತಿತು. ಒಣಗಿಸಿ ತೂಗಿದರೆ 98.6 ಗ್ರಾಂ. ಒಂದು ಗ್ರಾಂ ನಾನೂರು ಮಿಲಿಗ್ರಾಂ ಎಲ್ಲಿ ಹೋಯಿತು? ಮೂಸೆಗೆ ಅಂಟಿದ್ದು, ಹಾರಿದ್ದು, ಬಿಳಿಗಾರದೊಳಗೆ ಅವಿತದ್ದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿ ಕೇಳಿ ಕೆಂಡವಾಗುತ್ತಿದ್ದ ಅಪ್ಪನಿಗೆ ಈ ಲೆಕ್ಕ ಹೇಳಿದಾಗ ಅವರು ಮನಸಾರೆ ನಕ್ಕರು.

ಹರಳುಗಳನ್ನು 4.1 ಗ್ರಾಮಿನಂತೆ ತೂಗಿ ಇಪ್ಪತ್ತನಾಲ್ಕು ಗುಡ್ಡೆ ಮಾಡಿದೆ. ಇದ್ದಿಲಿನ ಗಟ್ಟಿಯಲ್ಲಿ ಸಣ್ಣ ಗುಳಿ ತೋಡಿ ಒಂದೊಂದೇ ಗುಡ್ಡೆಯನ್ನು ಕರಗಿಸಿದರೆ ಬೆಳ್ಳಿ ತಾನಾಗಿಯೇ ಮೈಮುದುರಿ ಉಂಡೆಯಾಗುತ್ತದೆ. ಒಂಬತ್ತು ಮಿಲಿಮೀಟರಿನ ಆ ಉಂಡೆಯನ್ನು ಸುತ್ತಿಗೆಯಲ್ಲಿ ತಟ್ಟುತ್ತ ಹದಿನೆಂಟಕ್ಕೆ ಹಿಗ್ಗಿಸಿದರೆ ಒಂದೂವರೆ ಮಿಲಿಮೀಟರ್ ದಪ್ಪದ ಬಿಲ್ಲೆ. ಒಂದೇ ಉಸಿರಿಗೆ ತಟ್ಟುವಂತಿಲ್ಲ. ಹತ್ತಾರು ಏಟು ಬಿದ್ದೊಡನೆ ಬೆಳ್ಳಿ ಬಿಗಿಯುತ್ತದೆ. ಮಂದ ಕೆಂಪಿಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳಬೇಕು. ನಾಲ್ಕು ಬಿಲ್ಲೆಗಳಿಗೆ ನಾನು ಈ ಉಪಚಾರ ಕಡಿಮೆ ಮಾಡಿದೆ. ನಾಲ್ಕರ ಅಂಚೂ ಒಣಗಿದ ರೊಟ್ಟಿಯಂತೆ ಬಿರಿಯಿತು. ವಸ್ತುಸಂಗ್ರಹಾಲಯದಲ್ಲಿ ಕಂಡ ಸೀಳಿದ ಅಂಚಿಗೆ ಹೀಗೆ ಉತ್ತರ ಸಿಕ್ಕಿತು: ನಡುವೆ ಒಂದು ಸಲ ಕಾಯಿಸುವ ಪುರುಸೊತ್ತು ಇರಲಿಲ್ಲ.

ಕಾಯಿಸಿದಾಗಲೆಲ್ಲ ಬಿಲ್ಲೆ ಕಪ್ಪಾಗುತ್ತದೆ, ಮೇಲ್ಮೈಯ ತಾಮ್ರ ಸುಟ್ಟು. ಅದನ್ನು ಬಿಡಿಸಲು ಅಂಗಡಿಗಳಲ್ಲಿ ಆಮ್ಲದ ಪುಡಿ ಸಿಗುತ್ತದೆ. ನಾನು ಅಪ್ಪನ ದಾರಿಯಲ್ಲೇ ಹುಣಸೆಹಣ್ಣು ಕಿವುಚಿ ಕುದಿಸಿದೆ. ಹುಳಿ ಸುಟ್ಟ ತಾಮ್ರವನ್ನು ತಿನ್ನುತ್ತದೆ, ಬೆಳ್ಳಿಯ ತಂಟೆಗೆ ಹೋಗುವುದಿಲ್ಲ. ನಾಲ್ಕೈದು ಸಲ ಕಾಯಿಸಿ ಹುಳಿಗೆ ಹಾಕಿದ ಮೇಲೆ ಹೊರಚರ್ಮದಲ್ಲಿ ತಾಮ್ರ ಕಳೆದು ಬರೀ ಬೆಳ್ಳಿಯ ಸುಣ್ಣದಂಥ ಬಿಳುಪು ನಿಲ್ಲುತ್ತದೆ. ರೋಮಿನ ಟಂಕಸಾಲೆಗಳು ತಲೆಮಾರುಗಟ್ಟಲೆ ಬದುಕಿದ್ದು ಈ ಉಪಾಯದಿಂದಲೇ. ಒಳಗೆ ತಾಮ್ರ ಅರ್ಧಕ್ಕರ್ಧ ಇದ್ದರೂ ಹೊರಗೆ ಹಾಲಿನ ಬಿಳುಪು; ನಾಲ್ಕು ಕೈ ತಿರುಗಿದ ಮೇಲೆ ಬಣ್ಣ ಬಯಲಾಗುತ್ತಿತ್ತು. ಕರೌಸಿಯಸ್‌ನ ಸೈನಿಕರು ಅಂಥ ನಾಣ್ಯ ಎಣಿಸಿ ಎಣಿಸಿ ಬೇಸತ್ತವರು. ಅವರ ಮುಂದೆ ಉಜ್ಜಿದರೂ ಕೆಂಪಾಗದ ಬೆಳ್ಳಿಯನ್ನು ಇಟ್ಟಾಗ ಮೂಗು ಎಷ್ಟು ಚೆನ್ನಾಗಿ ಕೆತ್ತಿದೆ ಎಂದು ಯಾರು ನೋಡುತ್ತಾರೆ?

ಪಕ್ಕದ ಬೀದಿಯಲ್ಲಿ ಕಡಿದ ಓಕ್ ಮರದ ಕೊರಡೊಂದನ್ನು ಕೇಳಿ ತಂದೆವು. ಅದರ ನಡುವೆ ಗುಂಡಿ ಕೊರೆದು ಮುಖದ ಅಚ್ಚನ್ನು ಕೂರಿಸಿದೆ. ರೋಮನ್ನರೂ ಸಾಮಾನ್ಯವಾಗಿ ಚಕ್ರವರ್ತಿಯ ಮುಖವನ್ನು ಅಡಿಯಲ್ಲೇ ಇಡುತ್ತಿದ್ದರು. ಏಟು ನೇರವಾಗಿ ತಿನ್ನುವುದು ಮೇಲಚ್ಚು, ಬೇಗ ಹಾಳಾಗುವುದೂ ಅದೇ. ಅದನ್ನು ನಮ್ಮವರು ಹಿಡಿದರು, ಎರಡು ಕಿಲೋ ಸುತ್ತಿಗೆಯನ್ನು ನಾನು ಎತ್ತಿದೆ. ಮೊದಲ ಏಟು ಸರಿಯಾಗಿಯೇ ಬಿತ್ತು. ಎರಡನೆಯದಕ್ಕೆ ಅಚ್ಚು ಪುಟಿದು ಒಂದು ಕೂದಲಷ್ಟು ತಿರುಗಿತು. ತೋಳಕ್ಕೆ ಎರಡು ಮೂತಿ, ಅವಳಿಗಳು ನಾಲ್ವರಾದರು. ಮೂರನೆಯ ಬಿಲ್ಲೆಯಲ್ಲಿ ಸುತ್ತಿಗೆ ಜಾರಿ ಅವರ ಹೆಬ್ಬೆರಳ ಮೇಲೆ ಬಿತ್ತು. “ನಿನ್ನ ಚಕ್ರವರ್ತಿಗೆ ಕೂಲಿಯವರ ಮೇಲೆ ಕರುಣೆಯಿಲ್ಲ” ಎಂದರು, ಕಣ್ಣಲ್ಲಿ ನೀರು ತುಂಬಿಕೊಂಡು. ಉಗುರು ಹೋದದ್ದು ವಾರದ ಮೇಲೆ. ಅಂದಿನಿಂದ ಮೇಲಚ್ಚಿಗೆ ದಪ್ಪ ತಂತಿ ಸುತ್ತಿ ಮೊಳದುದ್ದದ ಹಿಡಿಕೆ ಮಾಡಿದ್ದೇನೆ. ಮೊದಲೇ ಮಾಡಬೇಕಿತ್ತು.

ಹಿಡಿಕೆ ಬಂದ ಮೇಲೆ ಕೆಲಸ ಓಡಿತು, ಆದರೆ ತೋಳದ ಹೊಟ್ಟೆಯ ಭಾಗ ಯಾವ ನಾಣ್ಯದಲ್ಲೂ ಮೂಡಲೊಲ್ಲದು. ಬಿಲ್ಲೆ ಬದಲಿಸಿದೆ, ಏಟು ಹೆಚ್ಚಿಸಿದೆ, ಅಚ್ಚಿನ ಮೇಲೆ ಕೊಳೆ ಇದೆಯೇ ಎಂದು ಉಜ್ಜಿದೆ. ಕೊನೆಗೆ ಒಂದು ನಾಣ್ಯವನ್ನು ಬೆರಳ ನಡುವೆ ಹಿಡಿದು ಎರಡೂ ಬದಿ ತಿರುಗಿಸುತ್ತಿದ್ದಾಗ ಹೊಳೆಯಿತು. ತೋಳದ ಹೊಟ್ಟೆಯ ಬೆನ್ನಿಗೇ ಕರೌಸಿಯಸ್‌ನ ಕೆನ್ನೆಯಿದೆ, ಅಚ್ಚಿನಲ್ಲಿ ಅತಿ ಆಳದ ಹಳ್ಳ ಅದು. ಏಟಿಗೆ ಬೆಳ್ಳಿಯೆಲ್ಲ ಅತ್ತ ಹರಿದು ಆ ಗೂಳಿಯ ಮುಖ ತುಂಬುತ್ತದೆ. ಇತ್ತ ತೋಳಕ್ಕೆ ಉಳಿಯುವುದು ಎಂಜಲು. ಹಳೆಯ ನಾಣ್ಯಗಳಲ್ಲಿ ಮುಖದ ಹಿಂದೆ ಕಾಣುವ ಮಂಕು ತೇಪೆಯನ್ನು ನಾನು ಸವೆತ ಎಂದೇ ತಿಳಿದಿದ್ದೆ. ಎಷ್ಟೋ ಸಲ ಅದು ಹುಟ್ಟಿನಿಂದಲೇ ಬಂದದ್ದು. ಪರಿಹಾರ ದುಬಾರಿ: ಒಂದು ಏಟು, ಬಿಲ್ಲೆ ತೆಗೆದು ಕಾಯಿಸುವುದು, ಅದೇ ಗುರುತಿಗೆ ಕೂರಿಸಿ ಮತ್ತೆರಡು ಏಟು. ಹೀಗೆ ಮಾಡಿದ ಐದರಲ್ಲಿ ಮೂರು ಚೆನ್ನಾಗಿ ಬಂದವು, ಎರಡು ಸರಿಯಾಗಿ ಕೂರದೆ ಕೆಟ್ಟವು. ಸಾವಿರಗಟ್ಟಲೆ ಹೊಡೆದು ತಿಂಗಳ ಸಂಬಳಕ್ಕೆ ಒದಗಿಸಬೇಕಾದವನು ಈ ಗೋಜಿಗೆ ಹೋಗುವುದಿಲ್ಲ. ಕರೌಸಿಯಸ್‌ನ ಮೊದಮೊದಲ ತಾಮ್ರದ ನಾಣ್ಯಗಳಲ್ಲಿ ಹಲವು ಹಿಂದಿನ ದೊರೆಗಳ ನಾಣ್ಯದ ಮೇಲೆಯೇ ಹೊಡೆದವು; ಬಿಲ್ಲೆ ಮಾಡುವಷ್ಟೂ ಸಮಯವಿರಲಿಲ್ಲ. ಬಂಡಾಯದ ಖಜಾನೆಯಲ್ಲಿ ಬೆಳ್ಳಿ ಇತ್ತು, ದಿನಗಳಿರಲಿಲ್ಲ.

ತೂಕ ನೋಡುವ ಹೊತ್ತು. ಚೆನ್ನಾಗಿ ಬಂದ ಒಂದನ್ನು ತೂಗಿದರೆ 4.02 ಗ್ರಾಂ, ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ 3.63. ವ್ಯತ್ಯಾಸ 0.39, ಭಾಗಿಸಿದರೆ ಸಾಂದ್ರತೆ 10.31. ನೂರಕ್ಕೆ ತೊಂಬತ್ತು ಬೆಳ್ಳಿ, ಹತ್ತು ತಾಮ್ರ ಇದ್ದರೆ ಲೆಕ್ಕದ ಪ್ರಕಾರವೂ ಅಷ್ಟೇ ಬರಬೇಕು. ಸಾಮಾನ್ಯ ಡಿಜಿಟಲ್ ತಕ್ಕಡಿಗೆ ಇದಕ್ಕಿಂತ ಹೆಚ್ಚು ಕೇಳುವುದು ನ್ಯಾಯವಲ್ಲ.

ಒಂದು ಎಚ್ಚರಿಕೆ. ಹೊಸದಾಗಿ ಹೊಡೆದದ್ದು ನಾಳೆ ಯಾರ ಕೈಗೋ ಹೋಗಿ ಹಳೆಯದೆಂದು ಮಾರಾಟವಾಗಬಾರದು. ಅದಕ್ಕೆ ಪ್ರತಿಯೊಂದರಲ್ಲೂ ತೋಳದ ಕಾಲ ಕೆಳಗೆ ಸಣ್ಣ ಮೊಳೆಯಿಂದ ಕನ್ನಡದ ‘ನ’ ಒತ್ತಿದ್ದೇನೆ, ನಕಲು ಎಂದು. ಇಂಥ ಕೆಲಸ ಮಾಡುವವರು ಯಾರೇ ಆಗಲಿ ಅಳಿಸಲಾಗದ ಗುರುತು ಹಾಕಲೇಬೇಕು. ಅಂಚಿನ ಮೇಲೆ ಹಾಕಿದರೆ ಅರದಿಂದ ಒಂದು ನಿಮಿಷದಲ್ಲಿ ಹೋಗುತ್ತದೆ, ಆದ್ದರಿಂದ ಮೈಮೇಲೆಯೇ ಹಾಕಿ.

ಲೆಕ್ಕ ಮುಗಿಸುತ್ತೇನೆ. ಇಪ್ಪತ್ತನಾಲ್ಕು ಬಿಲ್ಲೆಗಳಲ್ಲಿ ನಾಲ್ಕು ಅಂಚು ಬಿರಿದವು, ಒಂಬತ್ತು ಎರಡೆರಡು ಸಲ ಮೂಡಿ ಕೆಟ್ಟವು ಇಲ್ಲವೇ ನಡು ತಪ್ಪಿದವು, ಎಂಟು ಪರವಾಗಿಲ್ಲ, ಮೂರು ಚೆನ್ನ. ಮೇಲಚ್ಚಿನ ತಲೆ ಈಗಲೇ ಅಣಬೆಯಂತೆ ಅರಳಿದೆ. ಅದನ್ನು ಉಜ್ಜಿ ಸಮ ಮಾಡದೆ ಮತ್ತೆ ಹೊಡೆಯುವುದು ಅಪಾಯ, ಚೂರು ಕಣ್ಣಿಗೆ ಹಾರುತ್ತದೆ.

ಚೆನ್ನಾದ ಮೂರರಲ್ಲಿ ಒಂದನ್ನು ಊರಿಗೆ ಹೊರಟಿದ್ದ ಸ್ನೇಹಿತೆಯ ಕೈಯಲ್ಲಿ ಅಪ್ಪನಿಗೆ ಕಳಿಸಿದೆ. ತಲುಪಿದ ದಿನ ವೀಡಿಯೊ ಕರೆ ಬಂತು. ಪೊಟ್ಟಣ ಬಿಚ್ಚಿದರು. ಮುಖ ನೋಡಲಿಲ್ಲ, ತೋಳ ನೋಡಲಿಲ್ಲ. ಅಂಚನ್ನು ಒರೆಗಲ್ಲಿಗೆ ಎಳೆದು, ಗೆರೆಯ ಮೇಲೆ ಒಂದು ತೊಟ್ಟು ಆಮ್ಲ ಬಿಟ್ಟು, ಕನ್ನಡಕ ಮೇಲೆತ್ತಿ ಕಣ್ಣು ಕಿರಿದು ಮಾಡಿ ಕಾದರು. ಬೂಲೋನಿನ ಹಡಗುಕಟ್ಟೆಯಲ್ಲಿ ಸಂಬಳಕ್ಕೆ ನಿಂತವನೂ ಹೀಗೆಯೇ ಮೊದಲು ಉಜ್ಜಿ ನೋಡಿರಬೇಕು.

“ಬೆಳ್ಳಿ ಸರಿಯಾಗಿದೆ” ಎಂದರು. ಆಮೇಲೆ ನಾಣ್ಯವನ್ನು ತಿರುಗಿಸಿ ಬೆಳಕಿಗೆ ಹಿಡಿದರು.

“ಅಲ್ಲಮ್ಮ, ಈ ಎಮ್ಮೆಯ ಕೆಳಗೆ ಕೂತಿರುವ ಮಕ್ಕಳು ಯಾರವು?”

ಮುಂದಿನ ಅಚ್ಚಿನಲ್ಲಿ ತೋಳದ ಹೊಟ್ಟೆ ಒಳಗೆಳೆದು, ಕಿವಿ ನೆಟ್ಟಗೆ ಮಾಡಬೇಕು. ಉಕ್ಕು ತರಿಸಿದ್ದೇನೆ.